ಸಡಿಲ ಒರೆಯ ಜಂಬ

ಓಡುತ್ತ ಗುರಿ ಹೊಡೆಯುವ ಪಂದ್ಯ ಇನ್ನೇನು ಶುರುವಾಗಲಿತ್ತು. ಯಜಮಾನನ ಸೊಂಟದಲ್ಲಿದ್ದ ಚರ್ಮದ ಒರೆಯೊಳಗೆ ಪಿಸ್ತೂಲು ಅಲುಗಾಡುತ್ತ ಕೂತಿತ್ತು. ಬೇಗ ಎಳೆಯಲು ಬರಲೆಂದು ಅವನು ಒರೆಯನ್ನು ಬಿಗಿ ಮಾಡುವ ತಿರುಪನ್ನು ಸಡಿಲ ಮಾಡಿಬಿಟ್ಟಿದ್ದ.

“ಒರೆಯಣ್ಣಾ, ಬಿಗಿಯಾಗಿ ಹಿಡಿದುಕೋ. ನಾನು ನೆಲಕ್ಕೆ ಬಿದ್ದರೆ ಯಜಮಾನನನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ” ಎಂದು ಪಿಸ್ತೂಲು ಅಂಗಲಾಚಿತು.

“ಥೂ ಅಂಜುಬುರುಕ! ಹೋದ ಸಲ ನಾನು ನಿನ್ನನ್ನು ಬಿಟ್ಟ ವೇಗ ಕಂಡು ಮಿಂಚೇ ನಾಚಿ ಮೋಡದೊಳಕ್ಕೆ ವಾಪಸು ಹೋಗಿತ್ತು, ಗೊತ್ತಾ?” ಎಂದಿತು ಒರೆ.

“ಬಿಡೋದು ಆಮೇಲಿನ ಮಾತು ಮಾರಾಯ, ಮೊದಲು ಹಿಡಿದುಕೊಳ್ಳೋದು ಕಲಿ.”

ಅಷ್ಟರಲ್ಲಿ ಬಜರ್ ಕೂಗಿತು, ಯಜಮಾನ ಓಡಿದ. ಗುರಿ ಕಣ್ಣಿಗೆ ಬೀಳುವ ಮೊದಲೇ ಪಿಸ್ತೂಲು ಧೂಳಿಗೆ ಬಿತ್ತು.

“ನಿಲ್ಲಿ, ನೀವು ಔಟ್!” ಎಂದ ತೀರ್ಪುಗಾರ.

ಯಜಮಾನ ತಲೆಯ ಮೇಲೆ ಕೈ ಹೊತ್ತು ನಿಂತ. ಖಾಲಿ ಒರೆ ಮೇಲಿನಿಂದ ಕೂಗಿತು: “ನೋಡಿದೆಯಾ ತಮ್ಮಾ? ಕೈ ತಾಗುವ ಮೊದಲೇ ಬಿಟ್ಟೆ!”