ಮೊಣಕಾಲಿಗೆ ನಿಂತ ಪರದೆ

"ಗುರುಗಳೇ, ದೊಡ್ಡವರು ನೋಡುವ ಸಿನಿಮಾಗಳನ್ನು ಅಂಗಡಿಯಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಇಡುತ್ತಾರೆ. ಮಕ್ಕಳು ಹೊತ್ತಿಗೆ ಮುಂಚೆ ಬಲಿತುಬಿಡುತ್ತಾರೆ. ಈ ಪಾಪ ಯಾರ ತಲೆಗೆ?"

ಹೀಗೆ ಕೇಳಿದವನು ಓಂಕಾರಪ್ಪ. ಬೋಳುಗುಡ್ಡದ ಮಠಕ್ಕೆ ಇಪ್ಪತ್ತು ವರ್ಷದಿಂದ ನಡೆದುಕೊಳ್ಳುತ್ತಿದ್ದ ಶಿಷ್ಯ. ಪೇಟೆಯಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಅವನ ಕೈಯಲ್ಲಿ ಒಂದು ಅರ್ಜಿ ಇತ್ತು. ಪೇಟೆಯ ಸಿ.ಡಿ. ಅಂಗಡಿಯಿಂದ ಮಕ್ಕಳು ಕೆಡುತ್ತಿದ್ದಾರೆ, ಅದನ್ನು ಮುಚ್ಚಿಸಬೇಕು ಎಂದು ಅದರಲ್ಲಿ ಬರೆದಿತ್ತು. ಮೊದಲ ರುಜು ಗುರುಗಳದಾದರೆ ಉಳಿದವರು ತಾವಾಗಿಯೇ ಹಾಕುತ್ತಾರೆ ಎಂದು ಅವನು ನಂಬಿದ್ದ.

"ಅಂಥದ್ದೇನು ಇಟ್ಟಿದ್ದಾನೆ ಅಲ್ಲಿ?" ಎಂದು ಗುರುಗಳು ಕೇಳಿದರು.

"ಬಾಯಲ್ಲಿ ಹೇಳೋ ಹಾಗಿಲ್ಲ. ಒಳಗಿನ ಕಪಾಟಿನ ಎರಡನೇ ಸಾಲಲ್ಲಿ ಇರೋದಂತೂ..." ಓಂಕಾರಪ್ಪ ನಾಲಿಗೆ ಕಚ್ಚಿಕೊಂಡ. "ಪರೀಕ್ಷೆ ಮಾಡೋಣ ಅಂತ ಒಂದೆರಡು ಸಲ ಒಳಗೆ ಹೋಗಿದ್ದೆ, ಅಷ್ಟೆ. ನಮ್ಮ ಮನೇಲಿ ಇದೆಲ್ಲ ನಡೆಯೋದಿಲ್ಲ, ಗುರುಗಳೇ. ಮಗನಿಗೆ ಈಗ ಹನ್ನೆರಡು. ನಾನು ಬುದ್ಧಿ ಹೇಳ್ತಾ ನಿಂತರೆ ತಲೆ ಎತ್ತೋದಿಲ್ಲ ಅವನು. ಅಂಥ ವಿನಯ. ಊರ ಮಕ್ಕಳೆಲ್ಲ ಹಾಗಿರಲಿ ಅನ್ನೋದೇ ನನ್ನ ಆಸೆ."

ಗುರುಗಳು ಅರ್ಜಿಯನ್ನು ಓದಿ, ಮಡಿಸಿ, ಪಕ್ಕದಲ್ಲಿ ಇಟ್ಟುಕೊಂಡರು. ರುಜು ಹಾಕಲಿಲ್ಲ. ಒಂದು ಕತೆ ಇದೆ, ಕೇಳು ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಸಿನಿಮಾಗಳ ಸಿ.ಡಿ. ಬಾಡಿಗೆಗೆ ಕೊಡುವುದು ಅವನ ಕಸುಬು. ಅಂಗಡಿಯ ಮುಂಭಾಗದಲ್ಲಿ ದೇವರ ಸಿನಿಮಾ, ನಗೆಯ ಸಿನಿಮಾ. ಕೆಳಗಿನ ಹಲಗೆಯಲ್ಲಿ, ಮಕ್ಕಳ ಕೈಗೆ ಎಟುಕುವಂತೆ, ಕಾರ್ಟೂನುಗಳು. ಹಿಂದಿನ ಮೂಲೆಯಲ್ಲಿ, ದುಂಡು ಗೆರೆಯೊಳಗೆ 'ಎ' ಎಂದು ಮುದ್ರೆ ಬಿದ್ದ ಸಿನಿಮಾಗಳು. ವ್ಯಾಪಾರಿ ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ಕೇಳಿದ್ದನ್ನು ಕೊಡುತ್ತಿದ್ದ.

ಅದೇ ಬೀದಿಯಲ್ಲಿ ಒಬ್ಬ ಗೃಹಸ್ಥ ಇದ್ದ. ಮಾತು ಬಲ್ಲವನು. ಒಂದು ದಿನ ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದ. "ನಿನಗೆ ಮಕ್ಕಳು ಮರಿ ಇಲ್ಲವೇನಯ್ಯ? ಆ ಮೂಲೆಗೆ ಒಂದು ಪರದೆ ಹಾಕು. ಇಲ್ಲದಿದ್ದರೆ ಅಂಗಡಿಗೆ ಬೀಗ ಹಾಕು" ಎಂದು ಗದರಿದ.

ಇಲ್ಲಿಗೆ ಬಂದಾಗ ಓಂಕಾರಪ್ಪ, ಸರಿಯಾಗಿ ಮಾಡಿದ ಎನ್ನುವಂತೆ ತಲೆಯಾಡಿಸಿದ.

ವ್ಯಾಪಾರಿ ಹೆದರಿದ. ದರ್ಜಿಯ ಕೈಲಿ ದಪ್ಪ ಬಟ್ಟೆಯ ಪರದೆ ಹೊಲಿಸಿದ. ದಿನಾ ನೆಲ ಒರೆಸುವಾಗ ಅಂಚು ಒದ್ದೆಯಾಗಬಾರದೆಂದು ಅದನ್ನು ಮೊಣಕಾಲಿನ ಮಟ್ಟಕ್ಕೆ ನಿಲ್ಲಿಸಿದ. ಆ ಐದು ಜನ ಮತ್ತೆ ಬಂದು ಪರದೆಯ ಮುಂದೆ ನಿಂತು ನೋಡಿದರು. ಒಳಗಿನ ಕಪಾಟು ಕಾಣಲಿಲ್ಲ. ಸರಿಯಾಯಿತು ಎಂದು ಹೊರಟುಹೋದರು. ಮಕ್ಕಳಿಗಾಗಿ ಕಟ್ಟಿದ ಪರದೆಯನ್ನು ಮಕ್ಕಳ ಎತ್ತರಕ್ಕೆ ಬಗ್ಗಿ ನೋಡಬೇಕು ಎಂದು ಐವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಅದೇನು ಸೊಂಟವೋ ದೊಡ್ಡವರದು, ಮಕ್ಕಳ ವಿಷಯ ಬಂದಾಗ ಬಗ್ಗುವುದೇ ಇಲ್ಲ.

ಪರದೆ ಬಂದ ಮೇಲೆ ಆ ಮೂಲೆಗೆ ಗಿರಾಕಿ ಹೆಚ್ಚಾದರು. ಮೊದಲು ನಾಚಿ ಹಿಂದೆ ಸರಿಯುತ್ತಿದ್ದವರಿಗೆ ಈಗ ಮರೆ ಸಿಕ್ಕಿತ್ತು. ಬೆಕ್ಕು ಪಾಪ, ಹಾಲು ಕುಡಿಯುವಾಗ ತಾನೇ ಕಣ್ಣು ಮುಚ್ಚಿಕೊಳ್ಳಬೇಕು. ಇವರಿಗೆ ಆ ಕಷ್ಟವೂ ಇರಲಿಲ್ಲ.

ಶಾಲೆ ಬಿಟ್ಟ ಮೇಲೆ ಮಕ್ಕಳು ಅಂಗಡಿಗೆ ಬರುತ್ತಿದ್ದರು. ಕೆಳಗಿನ ಹಲಗೆಯ ಮುಂದೆ ನೆಲಕ್ಕೆ ಕುಳಿತು ಕಾರ್ಟೂನು ಆರಿಸುತ್ತಿದ್ದರು. ಅವರಿಗೆ ಒಳಗಿನ ಸಿನಿಮಾಗಳು ಕಾಣುತ್ತಿರಲಿಲ್ಲ. ಪರದೆಯ ಕೆಳಗೆ ಕಾಣುತ್ತಿದ್ದುದು ಒಳಗೆ ನಿಂತವರ ಕಾಲುಗಳು. ಅದರಿಂದ ಒಂದು ಆಟ ಹುಟ್ಟಿತು. ಕಾಲು ನೋಡಿ ಯಾರೆಂದು ಹೇಳಬೇಕು. ಅವರು ಹೊರಗೆ ಬಂದಾಗ ಅದು ನಿಜವಾಗಬೇಕು. ಗೆದ್ದವರಿಗೆ ಒಂದು ಪೆಪ್ಪರಮಿಂಟು. ಹಿಮ್ಮಡಿ ಸವೆದ ಬೂಟು ಅಂಚೆಯವನದು. ಬಿಳಿ ಕ್ಯಾನ್ವಾಸು ಡ್ರಿಲ್ ಮೇಷ್ಟ್ರದು. ಗುರುತು ಸಿಗದಿರಲಿ ಎಂದು ಚಪ್ಪಲಿಯನ್ನು ಪಕ್ಕದ ಅಂಗಡಿಯ ಮುಂದೆ ಬಿಟ್ಟು ಬರಿಗಾಲಲ್ಲಿ ಬಂದವರೂ ಒಬ್ಬರಿದ್ದರು. ಬಿರುಕು ಬಿಟ್ಟ ಆ ಹಿಮ್ಮಡಿಯನ್ನು ಮಕ್ಕಳು ಭಜನೆಯಲ್ಲಿ ಎಷ್ಟೋ ಸಲ ಹಿಂದೆ ಕುಳಿತು ನೋಡಿದ್ದರು. ಅವತ್ತು ಎಲ್ಲರೂ ಗೆದ್ದರು.

ಆ ಆಟದಲ್ಲಿ ಎಲ್ಲರಿಗಿಂತ ಚುರುಕು ಗೃಹಸ್ಥನ ಮಗಳು. ಹತ್ತು ವರ್ಷದವಳು. ಅವಳಿಗೆ ಅಪ್ಪನೆಂದರೆ ಪ್ರಾಣ. ಅಪ್ಪ ಹೊರಗೆ ಹೊರಟರೆ ಚಪ್ಪಲಿ ತಂದು ಹೊಸಿಲ ಮುಂದೆ ಜೋಡಿಸಿಡುವುದು ಅವಳ ಕೆಲಸ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಎಡಗಾಲಿನ ಚಪ್ಪಲಿಯ ಪಟ್ಟಿ ಹರಿದಾಗ ಅವಳೇ ಹೋಗಿ ಹೊಲಿಸಿಕೊಂಡು ಬಂದಿದ್ದಳು. ಹೊಲಿಯುವವನ ಹತ್ತಿರ ಕಂದು ದಾರ ಮುಗಿದಿತ್ತು. "ಕೆಂಪು ಹಾಕಿ, ನಮ್ಮಪ್ಪಂಗೆ ಚೆನ್ನಾಗಿ ಕಾಣುತ್ತೆ" ಎಂದು ದಾರವನ್ನು ಅವಳೇ ಆರಿಸಿದ್ದಳು.

ಒಂದು ಶನಿವಾರ ಮಧ್ಯಾಹ್ನ ಐದಾರು ಮಕ್ಕಳು ಅಂಗಡಿಗೆ ಬಂದರು. ಅವರು ಬರುವ ಮೊದಲೇ ಪರದೆಯ ಹಿಂದೆ ಯಾರೋ ನಿಂತಿದ್ದರು. "ಇದು ಯಾರೇ? ಬೇಗ ಹೇಳು" ಎಂದು ಪಕ್ಕದವಳು ಮೊಣಕೈಯಿಂದ ತಿವಿದಳು. ಹುಡುಗಿ ಬಗ್ಗಿ ನೋಡಿದಳು. ಎಡಗಾಲಿನ ಪಟ್ಟಿಯಲ್ಲಿ ಕೆಂಪು ದಾರ ಇತ್ತು.

"ಗೊತ್ತಿಲ್ಲ" ಎಂದಳು.

ಆ ಆಟದಲ್ಲಿ ಅವಳು ಸೋತದ್ದು ಅದೇ ಮೊದಲು. ಆದರೆ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಪರದೆ ಸರಿದರೆ ಎಲ್ಲರಿಗೂ ತಿಳಿದುಹೋಗುತ್ತದೆ. ಅವಳು ಗೆದ್ದು ಕೂಡಿಟ್ಟ ಪೆಪ್ಪರಮಿಂಟುಗಳು ಫ್ರಾಕಿನ ಜೇಬಿನಲ್ಲಿದ್ದವು. ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದು ಎದ್ದಳು. "ಇಷ್ಟೂ ನಿಮಗೇ ಕೊಡ್ತೀನಿ. ಈಗಲೇ ಹೊರಗೆ ಬನ್ನಿ. ಆ ಮೂಲೆಮನೆ ತನಕ ಓಡಬೇಕು." ಮಕ್ಕಳು ಹೋ ಎಂದು ಅವಳ ಹಿಂದೆ ಓಡಿದರು. ಅಪ್ಪನ ಮಾನ ಉಳಿಯಿತು. ಮಗುವಿನ ಮಾನ ಅಪ್ಪ ಕಾಯಬೇಕು. ಹತ್ತು ವರ್ಷದ ಮಗುವೇ ಅಪ್ಪನ ಮಾನ ಕಾಯಲು ಓಡುವಂತಾಯಿತಲ್ಲ, ಅದಕ್ಕಿಂತ ಗತಿಗೇಡು ಇನ್ನೇನಿದೆ?

ಆ ಸಂಜೆ ಗೃಹಸ್ಥ ಮಗಳನ್ನು ಮುಂದೆ ನಿಲ್ಲಿಸಿಕೊಂಡ.

"ಅಂಗಡೀಲಿ ಆ ಪರದೆ ಕಡೆ ನೋಡಲಿಲ್ಲ ತಾನೆ?"

"ಇಲ್ಲಪ್ಪ."

"ಜಾಣೆ. ಅದರ ಒಳಗೆ ಹೋಗೋರು ಹಾಳು ಜನ. ಅಂಥವರ ಮುಖ ನೋಡಬಾರದು."

ಹುಡುಗಿ ಅವನ ಮುಖ ನೋಡಲಿಲ್ಲ. ತಲೆ ತಗ್ಗಿಸಿ ಅವನ ಪಾದಗಳನ್ನು ನೋಡುತ್ತ ನಿಂತಳು.

ಮರುದಿನದಿಂದ ಅವಳು ಚಪ್ಪಲಿ ಜೋಡಿಸಿಡುವುದನ್ನು ಬಿಟ್ಟಳು. ಕೇಳಿದರೆ ಓದುವುದಿದೆ ಎಂದಳು. ಕಾರ್ಟೂನು ಬೇಡ ಎಂದಳು. ಮಗಳಿಗೆ ಇಷ್ಟು ಬೇಗ ಬುದ್ಧಿ ಬಂತಲ್ಲ ಎಂದು ತಾಯಿ ಹಿಗ್ಗಿದಳು. ವರ್ಷಗಳು ಹೋದವು. ಅಪ್ಪ ಏನು ಹೇಳಿದರೂ ಅವಳು ತಲೆ ತಗ್ಗಿಸಿ ಕೇಳಿದಳು. ಒಂದು ಮಾತಿಗೂ ಎದುರಾಡಲಿಲ್ಲ, ಒಂದು ಮಾತನ್ನೂ ನಂಬಲಿಲ್ಲ. ಅವಳನ್ನು ನೋಡಲು ಒಬ್ಬ ವರ ಬಂದ. "ಹುಡುಗ ಅಪ್ಪಟ ಚಿನ್ನ, ನನ್ನ ಮಾತು ನಂಬು ಮಗಳೇ" ಎಂದು ಅಪ್ಪ ಹೇಳಿದ. ಅವಳು ವರನ ಮುಖ ನೋಡಲಿಲ್ಲ. ಹೊಸಿಲಾಚೆ ಅವನು ಬಿಟ್ಟಿದ್ದ ಚಪ್ಪಲಿಯನ್ನು ನೋಡಿ, ಒಲ್ಲೆ ಎಂದು ಒಳಗೆ ಹೋದಳು. ಅವನು ನಿಜಕ್ಕೂ ಒಳ್ಳೆಯವನೇ ಇದ್ದಿರಬಹುದು. ಅದನ್ನು ತಿಳಿಯುವ ದಾರಿ ಅವಳಿಗೆ ಎಂದೋ ಮುಚ್ಚಿಹೋಗಿತ್ತು. ಆಮೇಲೆ ಬಂದವರಿಗೂ ಅದೇ ಉತ್ತರ ಸಿಕ್ಕಿತು.

ಆ ಮೂಲೆಯ ಸಿನಿಮಾಗಳಲ್ಲಿ ಒಂದನ್ನೂ ಅವಳು ನೋಡಿರಲಿಲ್ಲ. ಗೃಹಸ್ಥ ಮಾತ್ರ ಕಡೆಯವರೆಗೂ ಊರಲ್ಲಿ ಹೇಳಿಕೊಂಡು ತಿರುಗಿದ: ನನ್ನ ಮಗಳ ವಿನಯ ನೋಡಿ, ನಾನು ಪರದೆ ಹಾಕಿಸಿದ್ದು ಸಾರ್ಥಕವಾಯಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಓಂಕಾರಪ್ಪನಿಗೆ ಹಿಂದಿನ ಭಾನುವಾರ ನೆನಪಾಯಿತು. ಅವನು ಸಿ.ಡಿ. ಅಂಗಡಿಯ ಒಳಗಿನಿಂದ ಹೊರಗೆ ಬಂದಾಗ ಬಾಗಿಲ ಪಕ್ಕ ಒಂದು ಸೈಕಲ್ಲು ಒರಗಿಸಿತ್ತು. ಮಗನ ಸೈಕಲ್ಲಿನಂತೆಯೇ ಹ್ಯಾಂಡಲ್ಲಿಗೆ ನೀಲಿ ಟೇಪು ಸುತ್ತಿತ್ತು. ಬೇರೆ ಯಾವ ಹುಡುಗನದೋ ಇರಬೇಕು ಎಂದುಕೊಂಡು ಅವನು ಬೇಗ ಬೇಗ ಮನೆಗೆ ನಡೆದಿದ್ದ.

"ತಪ್ಪು ಪರದೆಯ ಅಳತೆಯದು, ಗುರುಗಳೇ" ಎಂದ. ದನಿ ಮೊದಲಿನಂತಿರಲಿಲ್ಲ. "ನೆಲ ಮುಟ್ಟೋ ಹಾಗೆ ಹೊಲಿಸಿದ್ದರೆ ಆ ಮಗು ಏನೂ ನೋಡ್ತಿರಲಿಲ್ಲ." ಹೇಳುತ್ತಲೇ ತನ್ನ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡ.

ಗುರುಗಳು ಅರ್ಜಿಯನ್ನು ಬಿಡಿಸಿ ತೊಡೆಯ ಮೇಲೆ ಹರವಿಕೊಂಡರು. ಪೆನ್ನು ತೆರೆದು, ಅವನ ಮುಖ ನೋಡಿದರು.

"ನೀನು ಬುದ್ಧಿ ಹೇಳುವಾಗ ನಿನ್ನ ಮಗ ತಲೆ ಎತ್ತುವುದಿಲ್ಲ ಎಂದೆಯಲ್ಲ ಓಂಕಾರಪ್ಪ, ಅವನು ಎಲ್ಲಿ ನೋಡುತ್ತಿರುತ್ತಾನೆ?"