ಅರಸರ ಕುರ್ಚಿಯಲ್ಲಿ ಒಂದು ಫೋಟೋ

ಕಡಲತಡಿಯ ಪೇಟೆಯೊಂದರ ಸಣ್ಣ ವಸ್ತುಸಂಗ್ರಹಾಲಯಕ್ಕೆ ಸುಗಂಧಿಯೇ ಕಾವಲುಗಾರ್ತಿ. ಒಂದು ದಿನ ರೆಸಾರ್ಟಿನ ಧಣಿ ವಿಠೋಬ ಶಾನುಭಾಗರು ಬಂದು, ಅಡ್ಡಕಟ್ಟಿದ ಹಗ್ಗವನ್ನು ದಾಟಿ, ಹಳೆಯ ಅರಸರ ಕುರ್ಚಿಯಲ್ಲಿ ತಾವು ಕುಳಿತಿರುವ ಫೋಟೋವನ್ನೇ ತೆಗೆಯಬೇಕೆಂದು ಮೊಬೈಲನ್ನು ಅವಳ ಕೈಗಿತ್ತರು. ಕುರ್ಚಿಯ ಕಾಲಿಗೆ ಗೆದ್ದಲು ಹಿಡಿದಿತ್ತು. ಮುರಿದರೆ ಅವಳ ಕೆಲಸವೇ ಹೋಗುತ್ತಿತ್ತು.

“ಬೇಡ ಎನ್ನಲು ನೀನು ಯಾರು?” ಎಂದು ಅವರು ಮೊದಲೇ ಗದರಿದರು.

“ಧಾರಾಳ ಕೂತ್ಕೊಳ್ಳಿ ಧಣಿ. ಕೂತವರ ಹೆಸರನ್ನು ಈ ಫಲಕದಲ್ಲಿ ಬರೆಯುವುದು ಇಲ್ಲಿಯ ಪದ್ಧತಿ. ಮೂವರು ಅರಸರದೂ ಇದೆ, ನೋಡಿ. ನೀವು ಹುಟ್ಟಿದ ಇಸವಿ?”

“ಅರವತ್ತೆರಡು,” ಎಂದರು ಧಣಿಗಳು, ಎದೆಯುಬ್ಬಿಸಿ.

“ತೀರಿಕೊಂಡದ್ದು?”

ಧಣಿಗಳು ಫಲಕವನ್ನು ಓದಿದರು. ಮೂವರು ಅರಸರಿಗೂ ಎರಡೆರಡು ಇಸವಿಗಳಿದ್ದವು. ಅವರು ಮೆಲ್ಲಗೆ ಹಗ್ಗದ ಈಚೆಗೆ ಬಂದರು.

“ನಾನು ನಿಂತದ್ದೇ ತೆಗಿ ಮಾರಾಯ್ತಿ. ಇಲ್ಲಿ ಬೆಳಕು ಚೆನ್ನಾಗಿದೆ.”