ಮೂವತ್ತು ಸಾವಿರದ ಮೂವತ್ತೊಂದು

ವರದೆಯ ದಂಡೆಯಲ್ಲಿ ಗುಮ್ಮಟಾರ್ಯರ ಗಣಿತಶಾಲೆ ಇತ್ತು. ಕಲಿಕೆ ಮುಗಿಸಿದ ಶಿಷ್ಯನಿಗೆ ಗುರುಗಳು ಕೊನೆಯಲ್ಲಿ ಒಂದು ಸಂಖ್ಯೆ ಕೊಡುತ್ತಿದ್ದರು. ಯಾವ ಯಾವ ಸಂಖ್ಯೆಗಳು ಅದನ್ನು ಶೇಷವಿಲ್ಲದೆ ಭಾಗಿಸುತ್ತವೆ ಎಂದು ಅವನು ಹೇಳಬೇಕು. ತನ್ನ ಸಂಖ್ಯೆಯನ್ನು ಅರಿತವನು ಮನೆಗೆ ಹೋಗಬಹುದು. ಅರಿಯದವನು ಇನ್ನೊಂದು ವರ್ಷ ಇರಬೇಕು.

ಆ ಸಲ ಇಬ್ಬರಿದ್ದರು. ಪದುಮನಿಗೆ ಸಿಕ್ಕಿದ್ದು ಮೂವತ್ತು ಸಾವಿರದ ಮೂವತ್ತು. ಚಂದಯ್ಯನಿಗೆ ಅದಕ್ಕಿಂತ ಒಂದು ಹೆಚ್ಚು.

ಮೂರನೆಯ ದಿನವೇ ಪದುಮ ಮರಳು ಹರಡಿದ ತನ್ನ ಹಲಗೆಯನ್ನು ಗುರುಗಳ ಮುಂದಿಟ್ಟ.

"ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು. ಇವನ್ನು ಬೇರೆ ಬೇರೆಯಾಗಿ ಜೋಡಿಸಿ ಗುಣಿಸುತ್ತ ಹೋದರೆ, ಒಂದೂ ಸೇರಿ, ಒಟ್ಟು ಅರವತ್ತನಾಲ್ಕು ಭಾಜಕಗಳು, ಗುರುಗಳೇ."

ಗುಮ್ಮಟಾರ್ಯರು ನಕ್ಕರು. ಎಂಟು ವರ್ಷಗಳಲ್ಲಿ ಚಂದಯ್ಯನ ಹಲಗೆ ನೋಡಿ ಅವರು ಒಮ್ಮೆಯೂ ನಕ್ಕಿರಲಿಲ್ಲ.

"ಏನಯ್ಯಾ, ನಿನ್ನದು ಇನ್ನೂ ಬಾಯಿ ಬಿಟ್ಟಿಲ್ಲವೇ?" ಎಂದ ಪದುಮ, ಹೊರಡುವಾಗ. "ನಿಮ್ಮೂರಿನ ಮೇಲೇ ಹೋಗುತ್ತೇನೆ. ನಿನ್ನ ತಾಯಿಗೆ ಏನು ಹೇಳಲಿ?"

"ಬರುತ್ತಾನೆ ಅಂತ ಹೇಳು."

ಪದುಮ ದೋಣಿ ಹತ್ತಿದ. ಅವನು ಬಿಟ್ಟುಹೋದ ಹಲಗೆಯಲ್ಲಿ ಲೆಕ್ಕ ಇನ್ನೂ ಅಳಿಸಿರಲಿಲ್ಲ. ಚಂದಯ್ಯ ಅದರ ಮುಂದೆ ಕೂತ.

ಹತ್ತು ದಿನ ಕಳೆದು ಗುರುಗಳ ಬಳಿ ಬಂದ.

"ನನ್ನ ಸಂಖ್ಯೆಯನ್ನು ಯಾವುದೂ ಭಾಗಿಸುವುದಿಲ್ಲ. ಅದು ಬರೀ ಬಂಡೆ."

"ಎಷ್ಟರಿಂದ ಭಾಗಿಸಿ ನೋಡಿದೆ?"

"ಒಂದನ್ನು ಬಿಟ್ಟು ಅರವತ್ತಮೂರು ಸಂಖ್ಯೆಗಳಿಂದ. ಪ್ರತಿ ಸಲವೂ ಶೇಷ ಒಂದೇ ಉಳಿಯಿತು. ಅಷ್ಟಕ್ಕೂ ಬಗ್ಗದ್ದು ಇನ್ನಾವುದಕ್ಕೆ ಬಗ್ಗೀತು?"

"ಆ ಅರವತ್ತಮೂರು ನಿನಗೆ ಎಲ್ಲಿ ಸಿಕ್ಕವು?"

ಚಂದಯ್ಯ ತಲೆ ತಗ್ಗಿಸಿದ.

"ಪದುಮನ ಹಲಗೆಯಲ್ಲಿ."

"ಹದಿನೇಳರಿಂದ ನೋಡಿದೆಯಾ?"

"ಇಲ್ಲ. ಅದು ಅವನಲ್ಲಿರಲಿಲ್ಲ."

"ಹತ್ತೊಂಬತ್ತು?"

"ಇಲ್ಲ."

ಚಂದಯ್ಯ ತಲೆ ಎತ್ತಿದ. "ಅವನಿಗೆ ಮುಟ್ಟಿದರೆ ಬಿಚ್ಚಿಕೊಳ್ಳುವಂಥದ್ದು ಕೊಟ್ಟಿರಿ. ನನಗೆ ಇದನ್ನು ಕೊಟ್ಟಿರಿ."

ಗುರುಗಳು ಎದ್ದು ಪದುಮನ ಹಲಗೆಯ ಮರಳನ್ನು ನದಿಗೆ ಸುರಿದರು. ಬರಿದಾದ ಹಲಗೆಯನ್ನು ಚಂದಯ್ಯನ ಕೈಗಿಟ್ಟು ಒಳಗೆ ಹೋದರು.

ಚಂದಯ್ಯ ಹೊಸ ಮರಳು ತುಂಬಿದ. ಹದಿನೇಳರಿಂದ ಶುರು ಮಾಡಿದ. ಆಗಲಿಲ್ಲ. ಹತ್ತೊಂಬತ್ತು ಆಗಲಿಲ್ಲ. ಇಪ್ಪತ್ತಮೂರು ಆಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಕರೆದರೂ ಏಳಲಿಲ್ಲ.

ಐವತ್ತೊಂಬತ್ತರಿಂದ ಭಾಗಿಸಿದಾಗ ಏನೂ ಉಳಿಯಲಿಲ್ಲ. ಮತ್ತೆ ಮಾಡಿ ನೋಡಿದ. ಏನೂ ಉಳಿಯಲಿಲ್ಲ.

"ಗುರುಗಳೇ! ಐವತ್ತೊಂಬತ್ತು! ಐವತ್ತೊಂಬತ್ತು ಸಲ ಐನೂರ ಒಂಬತ್ತು!"

ಗುಮ್ಮಟಾರ್ಯರು ಹೊರಗೆ ಬಂದು ಹಲಗೆ ನೋಡಿದರು. ಈ ಸಲ ನಕ್ಕರು.

"ಹೋಗಿ ಬಾ. ತಾಯಿ ಕಾಯುತ್ತಿರುತ್ತಾಳೆ."

ಚಂದಯ್ಯ ಅವರ ಕಾಲಿಗೆರಗಿ ಚಾಪೆ ಸುತ್ತಿ ಬಗಲಿಗೇರಿಸಿದ. ಮೆಟ್ಟಿಲಿಳಿದು ದೋಣಿಯವರೆಗೂ ಹೋದ. ಅಲ್ಲಿ ನಿಂತ. ತಿರುಗಿ ಬಂದ.

"ಒಂದು, ಐವತ್ತೊಂಬತ್ತು, ಐನೂರ ಒಂಬತ್ತು, ಆಮೇಲೆ ಆ ಸಂಖ್ಯೆಯೇ. ಗುರುಗಳೇ, ನನ್ನದಕ್ಕೆ ನಾಲ್ಕೇ ಅಲ್ಲವೇ? ಅವನದಕ್ಕೆ ಅರವತ್ತನಾಲ್ಕು."

ಗುರುಗಳು ಅವನ ಬಗಲಿನ ಚಾಪೆಯನ್ನು ಕೆಳಗಿಳಿಸಿದರು.

"ಒಳಗೆ ಬಾ ಚಂದಯ್ಯ. ಚಾಪೆ ಹಾಸು. ಇನ್ನೊಂದು ವರ್ಷ."